ಡಬ್ಬಿಯಲ್ಲಿ ಉಳಿದ ವಾಷರ್

ಮಕ್ಕಳೇ, ಹೋದ ವಾರ ನಮ್ಮ ಷೆಡ್ಡಿನ ಹಳೇ ಕಾರಿನ ಬಾಗಿಲುಗಳಿಗೆ ಬಣ್ಣ ಬಳಿದ ಕಥೆ ಹೇಳಿದ್ದೆ. ಈ ವಾರ ಸ್ಟಿಯರಿಂಗ್ ಜೋಡಿಸಿದ ಕಥೆ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಜಾಣತನ ತೋರಿಸಿದ್ದು ನಾನಲ್ಲ. ಐದನೇ ಕ್ಲಾಸು ಮುಗಿಸಿದ ನನ್ನ ಮೊಮ್ಮಗಳು ಪುಟ್ಟಿ.

ಅವತ್ತು ಶನಿವಾರ ಸಂಜೆ. ಸ್ಟಿಯರಿಂಗ್ ಕೂರಿಸಿ, ಹಾರ್ನ್ ಒತ್ತಿ ನೋಡಿ, ಹಳೇ ಬನಿಯನ್ನಿನಿಂದ ಕೈ ಒರೆಸಿಕೊಳ್ಳುತ್ತಿದ್ದೆ. ಮಾರನೆಯ ದಿನ ನಮ್ಮ ಮದುವೆಯ ದಿನ. 1974ರಲ್ಲಿ ಪುಟ್ಟಿಯ ಅಜ್ಜಿ ಮದುಮಗಳಾಗಿ ಮನೆಗೆ ಬಂದದ್ದು ಇದೇ ಕಾರಿನಲ್ಲಿ. ಆದ್ದರಿಂದ ಭಾನುವಾರ ಬೆಳಿಗ್ಗೆ ಇದೇ ಕಾರಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆಂದು ಒಂದು ತಿಂಗಳಿಂದ ಹೇಳಿಕೊಂಡು ಬಂದಿದ್ದೆ. ಅಜ್ಜಿ ಸೀರೆಯನ್ನೂ ತೆಗೆದಿಟ್ಟಾಗಿತ್ತು.

ಆಗ ಪುಟ್ಟಿ ಬಿಸ್ಕತ್ತಿನ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ 'ಟಿಣ್' ಅಂದಿತು.

"ತಾತ, ಇದೊಂದು ಉಳಿದಿದೆಯಲ್ಲ?"

ಅವಳ ಅಂಗೈಯಲ್ಲಿ ಒಂದು ಸಣ್ಣ ಉಕ್ಕಿನ ಉಂಗುರ. ಒಂದು ಕಡೆ ಕತ್ತರಿಸಿ, ತುದಿಗಳನ್ನು ಸ್ವಲ್ಪ ಮೇಲೆ ಕೆಳಗೆ ತಿರುಚಿದಂತಿತ್ತು. ಸ್ಪ್ರಿಂಗ್ ವಾಷರ್.

"ಹೆಚ್ಚಿಗೆ ಬಂದಿರಬೇಕು ಬಿಡು" ಅಂದೆ.

ಆ ಮಾತು ಬಾಯಿಂದ ಬಂದಾಗಲೇ ನನಗೇ ಗೊತ್ತಿತ್ತು. ಬಿಚ್ಚಿದ ಯಂತ್ರದಲ್ಲಿ ಹೆಚ್ಚಿಗೆ ಎನ್ನುವುದು ಇರುವುದಿಲ್ಲ. ಎಲ್ಲೋ ಒಂದು ಕಡೆ ಕಡಿಮೆಯಾಗಿದೆ ಎಂದೇ ಅರ್ಥ.

ಮುಂದೇನಾಯಿತು ಎನ್ನುವ ಮೊದಲು ಕಾರಿನ ಪರಿಚಯ ಆಗಲಿ. ಇದು ಮೋರಿಸ್ ಮೈನರ್. 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿತ್ತು. ಅಲೆಕ್ ಇಸ್ಸಿಗೋನಿಸ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದರು. ಮುಂದೆ 1959ರಲ್ಲಿ ಬಂದ ಪುಟಾಣಿ 'ಮಿನಿ' ಕಾರು ಕೂಡ ಅವರದೇ. ಬ್ರಿಟನ್ನಿನಲ್ಲಿ 10 ಲಕ್ಷ ದಾಟಿದ ಮೊದಲ ಕಾರು ಈ ಮೈನರ್. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟರ್ಸ್ ಇದನ್ನು 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಲ್ಲಿ ಮಾರುತ್ತಿತ್ತು. ನಿಮ್ಮ ತಾತನನ್ನು ಕೇಳಿ ನೋಡಿ, ಆ ಹೆಸರು ಕೇಳಿದರೆ ಮುಖ ಅರಳಬಹುದು. ನಮ್ಮ ತಂದೆ ಹುಣಸೂರಿನ ಕಡೆ ಡಾಕ್ಟರಾಗಿದ್ದರು. 1962ರಲ್ಲಿ ಬೇರೊಬ್ಬರಿಂದ ಕೊಂಡು ತಂದ ಗಾಡಿ ಇದು. ಅವರು ಹೋದ ಮೇಲೆ ಷೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಮಲಗಿತ್ತು.

ಹೋದ ದಸರಾ ರಜೆಯಲ್ಲಿ ನಾನೂ ಪುಟ್ಟಿಯೂ ಸ್ಟಿಯರಿಂಗ್ ಬಿಚ್ಚಿದೆವು. ಸ್ಪ್ಯಾನರ್ ಹಿಡಿಯುವ ಕೆಲಸ ನನ್ನದು, ಡಬ್ಬಿಗೆ ಹಾಕುವ ಕೆಲಸ ಅವಳದು. ಅವಳು ಹಾಕುತ್ತ ಹಾಕುತ್ತ, ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಪ್ರತಿಯೊಂದರ ಚಿತ್ರವನ್ನೂ ಬರೆಯುತ್ತಿದ್ದಳು. ಸಾಲದು ಎಂಬಂತೆ ಅಮ್ಮನ ಉಗುರುಬಣ್ಣ ತಂದು, ಕಂಬಿ ಮತ್ತು ಅದು ಕೂರುವ ಜಾಗ ಎರಡನ್ನೂ ಸೇರಿಸಿ ಒಂದು ಕೆಂಪು ಗೆರೆ ಎಳೆದಳು.

"ಇಷ್ಟಕ್ಕೆಲ್ಲ ಚಿತ್ರ ಯಾಕೆ? ನನ್ನ ತಲೆಯಲ್ಲೇ ಇದೆ" ಅಂದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ತಲೆ ನೋಡಿ! ಅಕ್ಟೋಬರಿನಲ್ಲಿ ಇದ್ದದ್ದು ಏಪ್ರಿಲ್ ಹೊತ್ತಿಗೆ ಅಲ್ಲಿ ಇರಲಿಲ್ಲ. ಆ ಕೆಂಪು ಗೆರೆಯೂ ಇರಲಿಲ್ಲ. ತುಕ್ಕು ತೆಗೆಯುವಾಗ ಎಮರಿ ಪೇಪರ್ ಹಾಕಿ ನಾನೇ ಅದನ್ನು ಉಜ್ಜಿ ಹಾಕಿದ್ದೆ.

ಸ್ಟಿಯರಿಂಗ್ ಕೆಲಸ ಮಾಡುವುದು ಹೇಗೆ ಗೊತ್ತೆ? ಡ್ರೈವರ್ ಕೈಯಲ್ಲಿ ಹಿಡಿಯುವ ದೊಡ್ಡ ಚಕ್ರದ ನಡುವಿನಿಂದ ಒಂದು ಉದ್ದನೆಯ ಉಕ್ಕಿನ ಕಂಬಿ ಕೆಳಗೆ ಇಳಿಯುತ್ತದೆ. ಅದರ ಸುತ್ತ ಒಂದು ಕೊಳವೆ. ಕೊಳವೆ ಕದಲುವುದಿಲ್ಲ, ಒಳಗಿನ ಕಂಬಿ ಮಾತ್ರ ತಿರುಗುತ್ತದೆ. ಕಂಬಿಯ ಕೆಳತುದಿ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಪಿನಿಯನ್ ಹಲ್ಲುಗಳು ರ್‍ಯಾಕ್ ಎಂಬ ಹಲ್ಲಿನ ಪಟ್ಟಿಗೆ ಕಚ್ಚಿಕೊಂಡಿರುತ್ತವೆ. ಬಾಚಣಿಗೆಯ ಮೇಲೆ ಹಲ್ಲುಚಕ್ರ ಉರುಳಿದಂತೆ ಊಹಿಸಿಕೊಳ್ಳಿ. ಇಲ್ಲಿ ಚಕ್ರ ಇದ್ದಲ್ಲೇ ತಿರುಗುತ್ತದೆ, ಬಾಚಣಿಗೆ ಎಡಕ್ಕೆ ಬಲಕ್ಕೆ ಸರಿಯುತ್ತದೆ. ಅದು ಸರಿದಾಗ ಅದರ ಎರಡು ತುದಿಗಳ ಸರಳುಗಳು ಮುಂದಿನ ಗಾಲಿಗಳನ್ನು ಹೊರಳಿಸುತ್ತವೆ.

ಕೈಯಲ್ಲಿ ಹಿಡಿಯುವ ಚಕ್ರ ಅಷ್ಟು ದೊಡ್ಡದು ಯಾಕೆ? ನಿಮ್ಮ ಅಜ್ಜಿಗೆ ಕೇಳಿ. ರಾಗಿ ಬೀಸುವ ಕಲ್ಲಿನ ಗೂಟ ಕಲ್ಲಿನ ನಡುವೆ ಇರುವುದಿಲ್ಲ, ಅಂಚಿನಲ್ಲಿರುತ್ತದೆ. ನಡುವಿನಿಂದ ದೂರ ಹೋದಷ್ಟೂ ತಿರುಗಿಸುವುದು ಹಗುರ. ನಮ್ಮ ಮೈನರಿಗೆ ಈಗಿನ ಕಾರುಗಳಂತೆ ಪವರ್ ಸ್ಟಿಯರಿಂಗ್ ಇಲ್ಲ. ಡ್ರೈವರ್ ತೋಳೇ ಪವರ್. ಆದ್ದರಿಂದ ದೊಡ್ಡ ಚಕ್ರ ಬೇಕೇ ಬೇಕು.

ಇನ್ನು ಜೋಡಣೆ. ಮೊದಲನೆಯ ಕೆಲಸ ಬುಷ್. ಕಂಬಿ ಕೊಳವೆಗೆ ತಾಗಿ ಗಡಗಡ ಅನ್ನಬಾರದೆಂದು ಮೇಲ್ತುದಿಯಲ್ಲಿ ಫೆಲ್ಟಿನ ಬುಷ್ ಇರುತ್ತದೆ. ಫೆಲ್ಟ್ ಅಂದರೆ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ನಮ್ಮ ಹಳೇ ಬುಷ್ ಸುಟ್ಟ ಚಪಾತಿಯ ಹಾಗೆ ಪುಡಿಪುಡಿಯಾಗಿತ್ತು. ಹೊಸದನ್ನು ತಂದು ರಾತ್ರಿಯೆಲ್ಲ ಎಂಜಿನ್ ಎಣ್ಣೆಯಲ್ಲಿ ನೆನೆಹಾಕಿದೆವು. "ದೋಸೆಗೆ ಅಕ್ಕಿ ನೆನೆಹಾಕಿದ ಹಾಗೆ" ಅಂದಳು ಪುಟ್ಟಿ. ಎಣ್ಣೆ ಕುಡಿದ ಫೆಲ್ಟು ಕಂಬಿಯನ್ನು ಮೆತ್ತಗೆ ಹಿಡಿದುಕೊಳ್ಳುತ್ತದೆ, ಸದ್ದಿಲ್ಲದೆ ತಿರುಗಲು ಬಿಡುತ್ತದೆ.

ಎರಡನೆಯದು ಕೆಳತುದಿ. ಇದೇ ಮುಖ್ಯ. ಪಿನಿಯನ್ ಕಡ್ಡಿಯ ಮೇಲೆ ಸೋಡಾ ಬಾಟಲಿ ಮುಚ್ಚಳದ ಅಂಚಿನಲ್ಲಿರುವಂಥ ಏರುತಗ್ಗು ಗೀರುಗಳಿವೆ. ಅವಕ್ಕೆ ಸ್ಪ್ಲೈನ್ ಎನ್ನುತ್ತಾರೆ. ಕಂಬಿಯ ಕೆಳತುದಿಯ ಒಳಮೈಯಲ್ಲೂ ಅಂಥದೇ ಗೀರುಗಳು. ಒಂದರೊಳಗೊಂದು ಕೂತರೆ ಜಾರುವಂತಿಲ್ಲ. ಕಂಬಿಯ ತುದಿಯಲ್ಲಿ ಉದ್ದಕ್ಕೆ ಒಂದು ಸೀಳು ಇದೆ. ಅಡ್ಡಕ್ಕೆ ಒಂದು ಬೋಲ್ಟ್ ಹಾಕಿ ನಟ್ಟು ತಿರುಗಿಸಿದರೆ ಸೀಳು ಕಿರಿದಾಗಿ ಪಿನಿಯನನ್ನು ಅಪ್ಪಿ ಹಿಡಿಯುತ್ತದೆ. ಅಡುಗೆಮನೆಯ ಗ್ಯಾಸ್ ಪೈಪಿಗೆ ಹಾಕುವ ಕ್ಲಿಪ್ಪನ್ನು ನೋಡಿದ್ದೀರಲ್ಲ, ಹಾಗೆ. ಟಾರ್ಚ್ ಹಿಡಿದರೂ ಅರ್ಧವೇ ಕಾಣುವ ಇಕ್ಕಟ್ಟಿನ ಜಾಗ ಅದು. ಬಗ್ಗಿ ಬಗ್ಗಿ ನನ್ನ ಬೆನ್ನು ಹಿಡಿದುಕೊಂಡಿತ್ತು. ಕೈಯಂದಾಜಿನಲ್ಲೇ ಬೋಲ್ಟ್ ತೂರಿಸಿ ನಟ್ಟು ತಿರುಗಿಸಿದೆ. ಗಟ್ಟಿಯಾಯಿತು. ಸಾಕು ಅಂದುಕೊಂಡೆ.

ಮೂರನೆಯದು ಡ್ಯಾಶ್‌ಬೋರ್ಡ್ ಕೆಳಗಿನ ಪಟ್ಟಿ. ಕೊಳವೆಯನ್ನು ಅಲ್ಲಿ ಬಿಗಿಯುತ್ತಾರೆ. ಇಲ್ಲಿನ ಬೋಲ್ಟುಗಳನ್ನು ಮೊದಲು ಬೆರಳಲ್ಲಿ ಆಗುವಷ್ಟೇ ತಿರುಗಿಸಿ, ಕಂಬಿ ಹಗುರವಾಗಿ ತಿರುಗುತ್ತದೆಯೇ ನೋಡಿ, ಆಮೇಲೆ ಬಿಗಿಯಬೇಕು. ಒಂದು ಕಡೆ ಮೊದಲೇ ಬಿಗಿದರೆ ಕೊಳವೆ ಓರೆಯಾಗಿ ಕಂಬಿ ಉಜ್ಜುತ್ತದೆ.

ನಾಲ್ಕನೆಯದು ಮೇಲಿನ ಚಕ್ರ. ಗಾಲಿ ನೆಟ್ಟಗಿರುವಾಗ ಕೈಚಕ್ರದ ಕಡ್ಡಿಗಳೂ ಸಮವಾಗಿರಬೇಕು. ಕೆಂಪು ಗೆರೆ ಇದ್ದಿದ್ದರೆ ಎರಡು ನಿಮಿಷದ ಕೆಲಸ. ಈಗ ಲೆಕ್ಕ ಹಾಕಿಯೇ ಹುಡುಕಬೇಕಾಯಿತು. ಮುಂದಿನ ಗಾಲಿಗಳನ್ನು ಜಾಕ್ ಹಾಕಿ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಕೈಚಕ್ರವನ್ನು ಪೂರ್ತಿ ಎಡಕ್ಕೆ ತಿರುಗಿಸಿದೆವು. ಅಲ್ಲಿಂದ ಪೂರ್ತಿ ಬಲಕ್ಕೆ ಎಷ್ಟು ಸುತ್ತು ಎಂದು ಪುಟ್ಟಿ ಎಣಿಸಿದಳು. ಅದರ ಅರ್ಧ ವಾಪಸು ಬಂದರೆ ನಟ್ಟನಡು. ಮೂರು ಸುತ್ತು ಬಂದರೆ ಒಂದೂವರೆ ವಾಪಸು, ಅಷ್ಟೇ ಲೆಕ್ಕ. ಗಾಲಿಗಳು ನೆಟ್ಟಗಾದವು. ಚಕ್ರವನ್ನು ಎತ್ತಿ, ಕಡ್ಡಿಗಳನ್ನು ಸಮ ಮಾಡಿ ಮತ್ತೆ ಸ್ಪ್ಲೈನಿಗೆ ಕೂರಿಸಿ, ದೊಡ್ಡ ನಟ್ಟು ಬಿಗಿದು, ಹಾರ್ನಿನ ತಂತಿ ಸೇರಿಸಿದೆ.

ಹಾರ್ನ್ ಕೂಗಿತು. ಅಜ್ಜಿ ಅಡುಗೆಮನೆಯಿಂದ ಬಾಗಿಲಿಗೆ ಬಂದು ನಕ್ಕರು. ಆಮೇಲೆ ಆ 'ಟಿಣ್'.

ಪುಟ್ಟಿ ಓಡಿಹೋಗಿ ಚೌಕುಳಿ ಪುಸ್ತಕ ತಂದಳು. ನಾಲ್ಕನೆಯ ಪುಟದಲ್ಲಿ ಕಂಬಿಯ ಕೆಳತುದಿ, ಅಡ್ಡ ಬೋಲ್ಟ್, ನಟ್ಟು. ಎರಡರ ನಡುವೆ ಬಾಯಿ ತೆರೆದ ಉಂಗುರ. ಪಕ್ಕದಲ್ಲಿ ಬರೆದಿದ್ದಳು: 'ಕತ್ತರಿಸಿದ ಬಳೆ, 1.'

ಆ ಬಳೆಗೆ ಅಲ್ಲೇನು ಕೆಲಸ? ರಸ್ತೆಯ ಕುಲುಕಾಟಕ್ಕೆ ನಟ್ಟುಗಳು ನಿಧಾನವಾಗಿ ಸಡಿಲವಾಗುತ್ತವೆ. ಸ್ಪ್ರಿಂಗ್ ವಾಷರನ್ನು ಒತ್ತಿ ಬಿಗಿದರೆ ಅದು ಮತ್ತೆ ತಿರುಚಿಕೊಳ್ಳಲು ನೋಡುತ್ತ ನಟ್ಟನ್ನು ಒತ್ತುತ್ತಲೇ ಇರುತ್ತದೆ. ಸುಮ್ಮನೆ ತಿರುಗಿ ಬರಲು ಬಿಡುವುದಿಲ್ಲ. ಸಣ್ಣದೊಂದು ಕಾವಲುಗಾರ.

ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ ಮಕ್ಕಳೇ. ಆಗ ನನ್ನ ತಲೆಯಲ್ಲಿ ಓಡಿದ್ದು ಹೀಗೆ: ನಟ್ಟಂತೂ ಗಟ್ಟಿಯಾಗಿದೆ. ಬೆಟ್ಟ ಇಲ್ಲೇ ಇದೆ. ನಾಳೆ ಒಂದು ದಿನ ಹೋಗಿ ಬಂದು, ಸೋಮವಾರ ವಾಷರ್ ಹಾಕಿದರಾಯಿತು. ಇವಳಿಗೆ ಮಾತು ಕೊಟ್ಟಿದ್ದೇನೆ, ಸೀರೆ ಬೇರೆ ತೆಗೆದಿಟ್ಟಿದ್ದಾಳೆ.

"ತಾತ, ಬೆಟ್ಟದಲ್ಲಿ ತುಂಬಾ ತಿರುವು ಇದೆಯಲ್ಲವಾ?" ಅಂತ ಮಾತ್ರ ಕೇಳಿದಳು ಪುಟ್ಟಿ.

ನಾನು ಒಳಗೆ ಹೋಗಿ, "ನಾಳೆ ಕಾರು ತೆಗೆಯಲ್ಲ ಕಣೆ" ಅಂದೆ. ಯಾಕೆ ಎಂದು ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೇಸರವಾಗಿತ್ತು, ಅದು ಕಾಣುತ್ತಿತ್ತು. ಆಮೇಲೆ, "ರೀ, ನಿಮ್ಮ ಜೊತೆ ಹೋಗಬೇಕು ಅಂದಿದ್ದು. ಬಸ್ಸಾದರೇನು?" ಅಂದರು. ಭಾನುವಾರ ಮೂವರೂ ಸಿಟಿ ಬಸ್ಸಿನಲ್ಲಿ ಬೆಟ್ಟಕ್ಕೆ ಹೋದೆವು. ಕಿಟಕಿಯ ಪಕ್ಕ ಕೂತ ಪುಟ್ಟಿ ತಿರುವುಗಳನ್ನು ಎಣಿಸುತ್ತಿದ್ದಳು. ಪ್ರತಿ ತಿರುವಿಗೂ ನನ್ನ ಕೈ ತಾನಾಗಿ ಮುಂದಿನ ಸೀಟಿನ ಕಂಬಿಯನ್ನು ಬಿಗಿ ಹಿಡಿಯುತ್ತಿತ್ತು.

ಸೋಮವಾರ ನನ್ನ ಹಳೇ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆ. ಈಗ ಅವನದೇ ಗ್ಯಾರೇಜು ಇದೆ. ಅವನು ಬಗ್ಗಿ ಟಾರ್ಚ್ ಹಾಕಿ ನೋಡಿ, "ಸಾರ್, ಸೀಳು ಇನ್ನೂ ಅಗಲವಾಗೇ ಇದೆಯಲ್ಲ" ಅಂದ. ನಟ್ಟು ಬಿಚ್ಚಿ ನನ್ನ ಕೈಗೆ ಕೊಟ್ಟ. ಅದರೊಳಗೆ ಕಪ್ಪು ಬಣ್ಣದ ಸಿಪ್ಪೆ ಸುರುಳಿ ಸುರುಳಿಯಾಗಿ ತುಂಬಿತ್ತು.

ನಡೆದದ್ದು ಇಷ್ಟು. ತುಕ್ಕು ಹಿಡಿಯದಿರಲಿ ಎಂದು ನಾನು ಉತ್ಸಾಹದಿಂದ ಎಲ್ಲಕ್ಕೂ ಕಪ್ಪು ಬಣ್ಣ ಬಳಿದಿದ್ದೆ. ಬೋಲ್ಟಿನ ಥ್ರೆಡ್ಡನ್ನೂ ಬಿಟ್ಟಿರಲಿಲ್ಲ. ಒಣಗಿದ ಬಣ್ಣ ಥ್ರೆಡ್ಡಿನ ಗೀರುಗಳಲ್ಲಿ ಕೂತು ನಟ್ಟನ್ನು ನಡುದಾರಿಯಲ್ಲೇ ತಡೆದಿತ್ತು. ನನ್ನ ಕೈಗೆ ಗಟ್ಟಿ ಅನಿಸಿದ್ದು ಬಣ್ಣದ ಗಟ್ಟಿತನ. ಕಂಬಿ ಪಿನಿಯನನ್ನು ಅಪ್ಪಿಯೇ ಇರಲಿಲ್ಲ, ಸುಮ್ಮನೆ ಅದರ ಮೇಲೆ ಕೂತಿತ್ತು. ವಾಷರ್ ಬಿಟ್ಟುಹೋದದ್ದು ಒಂದು ತಪ್ಪು. ಅದನ್ನು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಅದಕ್ಕಿಂತ ದೊಡ್ಡ ತಪ್ಪು.

"ಮೊದಲನೇ ದಿನ ಏನೂ ಆಗ್ತಿರಲಿಲ್ಲ ಸಾರ್" ಅಂದ ಅವನು. "ಅದೇ ತೊಂದರೆ. ಸರಿಯಾಗಿದೆ ಅಂದ್ಕೊಂಡು ಓಡಿಸ್ತಾ ಇರ್ತಿದ್ರಿ. ನಟ್ಟು ಯಾವತ್ತು, ಯಾವ ರಸ್ತೇಲಿ ಬೀಳುತ್ತೋ ಯಾರಿಗೆ ಗೊತ್ತು?"

ಅವನು ಹಳೇ ಬೋಲ್ಟನ್ನು ಪಕ್ಕಕ್ಕಿಟ್ಟು ಹೊಸ ಬೋಲ್ಟ್, ಹೊಸ ನಟ್ಟು, ಹೊಸ ವಾಷರ್ ತರಿಸಿದ. ಸ್ಟಿಯರಿಂಗ್ ಮತ್ತು ಬ್ರೇಕಿನ ವಿಷಯದಲ್ಲಿ ಅವನು ಹಳೆಯದನ್ನು ಮತ್ತೆ ಹಾಕುವುದಿಲ್ಲವಂತೆ. ಕಂಬಿಯನ್ನು ಪೂರ್ತಿ ಕೆಳಗೆ ಕೂರಿಸಿ, ಸೀಳು ಕಿರಿದಾಗುವುದನ್ನು ಕಣ್ಣಿಂದ ನೋಡುತ್ತ ಬಿಗಿದ. ಪುಟ್ಟಿ ಟಾರ್ಚ್ ಹಿಡಿದಿದ್ದಳು. ಕೆಲಸ ಮುಗಿದ ಮೇಲೆ ಅವನು ಅವಳ ಪುಸ್ತಕ ಕೇಳಿ ಪಡೆದು, ಒಂದೊಂದೇ ಪುಟ ತಿರುವಿ, ಪ್ರತಿ ಚಿತ್ರಕ್ಕೂ ಗಾಡಿಯಲ್ಲಿ ಜಾಗ ತೋರಿಸಿ ಟಿಕ್ ಹಾಕಿದ. ನಾನು ಅವನಿಗೆ ಪರೀಕ್ಷೆಯಲ್ಲಿ ಹಾಕಿದ್ದಕ್ಕಿಂತ ಹೆಚ್ಚು ಟಿಕ್ ಅವತ್ತು ಪುಟ್ಟಿಗೆ ಸಿಕ್ಕಿತು.

ಕೊನೆಗೆ ಅವಳು ಉಗುರುಬಣ್ಣ ತಂದು ನಟ್ಟಿನಿಂದ ಬೋಲ್ಟಿನವರೆಗೆ ಒಂದು ಹೊಸ ಕೆಂಪು ಗೆರೆ ಎಳೆದಳು. ನಟ್ಟು ಸ್ವಲ್ಪ ಕದಲಿದರೂ ಗೆರೆ ಮುರಿಯುತ್ತದೆ, ಟಾರ್ಚ್ ಹಾಕಿದರೆ ಗೊತ್ತಾಗುತ್ತದೆ. ದೊಡ್ಡ ಕಾರ್ಖಾನೆಗಳಲ್ಲೂ ಮುಖ್ಯವಾದ ನಟ್ಟುಗಳ ಮೇಲೆ ಹೀಗೆ ಬಣ್ಣದ ಗೆರೆ ಎಳೆಯುತ್ತಾರೆ. ಅವಳಿಗೆ ಅದು ಗೊತ್ತಿರಲಿಲ್ಲ, ತಾನೇ ಯೋಚಿಸಿ ಮಾಡಿದಳು.

ಬಿಚ್ಚಿ ಮತ್ತೆ ಜೋಡಿಸಬೇಕಾಯಿತಲ್ಲ ಎಂದು ನಾನು ಸಪ್ಪಗಿದ್ದೆ. ಆಗ ನೆನಪಾಗಿ ಪುಟ್ಟಿಗೆ ಬಾನೆಟ್ಟಿನ ನಡುವೆ ಉದ್ದಕ್ಕೆ ಹೋಗುವ ಅಗಲವಾದ ಪಟ್ಟಿಯನ್ನು ತೋರಿಸಿದೆ. ಅದು ಅಲಂಕಾರಕ್ಕೆ ಬಂದದ್ದಲ್ಲ. ಮೈನರ್ ಕಾರು ಇನ್ನೇನು ತಯಾರಿಕೆಗೆ ಹೋಗಬೇಕು ಎನ್ನುವಾಗ ಇಸ್ಸಿಗೋನಿಸ್ ಅದನ್ನು ನೋಡಿ, ಅಗಲ ಸಾಲದು ಅಂದರಂತೆ. ಮಾದರಿ ಕಾರನ್ನು ಉದ್ದಕ್ಕೆ ಎರಡಾಗಿ ಸೀಳಿಸಿ, ಎರಡು ಭಾಗಗಳನ್ನು ದೂರ ಸರಿಸಿ ಸರಿಸಿ ನೋಡಿ, ಕಣ್ಣಿಗೆ ಸರಿ ಎನಿಸಿದಲ್ಲಿ ನಿಲ್ಲಿಸಿದರು. 4 ಅಂಗುಲ ಹೆಚ್ಚಾಯಿತು. ಬಂಪರುಗಳು ಆಗಲೇ ತಯಾರಾಗಿದ್ದವು. ಅವನ್ನೂ ಕತ್ತರಿಸಿ ನಡುವೆ ತುಂಡು ಸೇರಿಸಿದರು. ಕಾರು ಮಾಡಿದವರೇ ಕೊನೆ ಗಳಿಗೆಯಲ್ಲಿ ಕತ್ತರಿಸಿ ಮತ್ತೆ ಜೋಡಿಸಿದ ಮೇಲೆ ಒಂದು ನಟ್ಟು ಮತ್ತೆ ಬಿಚ್ಚಲು ನನಗೇನು ಕಷ್ಟ?

ಮುಂದಿನ ಭಾನುವಾರ ಅಜ್ಜಿ ಅದೇ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತರು. ಬೆಟ್ಟಕ್ಕಲ್ಲ. ಮೊದಲು ನಮ್ಮ ಬಡಾವಣೆಯ ಖಾಲಿ ರಸ್ತೆಯಲ್ಲಿ, ನಡಿಗೆಯ ವೇಗದಲ್ಲಿ, ನಾಲ್ಕು ಸುತ್ತು. ವಾಪಸು ಬಂದ ಕೂಡಲೇ ಪುಟ್ಟಿ ಟಾರ್ಚ್ ಹಿಡಿದು ಬಗ್ಗಿದಳು. "ಗೆರೆ ಹಾಗೇ ಇದೆ ತಾತ" ಎಂದು ಕೂಗಿದಳು.

ಈಗ ನಿಮಗೊಂದು ಕೆಲಸ. ಮನೆಯ ಕಾರಿನ ಸ್ಟಿಯರಿಂಗ್‌ಗೆ ಮಾತ್ರ ಕೈ ಹಾಕಬೇಡಿ. ಈಗಿನ ಕಾರುಗಳಲ್ಲಿ ಅದರೊಳಗೆ ಏರ್‌ಬ್ಯಾಗ್ ಇರುತ್ತದೆ, ಅದು ತಿಳಿದವರು ಮುಟ್ಟುವ ವಸ್ತು. ಬದಲಿಗೆ ಒತ್ತಿ ಬರೆಯುವ ಒಂದು ಬಾಲ್ ಪೆನ್ನು ತೆಗೆದುಕೊಳ್ಳಿ. ಒಂದೊಂದೇ ಭಾಗ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಚಿತ್ರ ಬರೆದು ಅಂಕಿ ಹಾಕಿ. ಸ್ಪ್ರಿಂಗ್ ಯಾವ ಕಡೆ ಇತ್ತು ಎಂಬುದನ್ನೂ ಬರೆಯಿರಿ. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ, ಒಂದು ವಾರ ಮರೆತುಬಿಡಿ. ಆಮೇಲೆ ಡಬ್ಬಿಯನ್ನೂ ಚಿತ್ರವನ್ನೂ ನಿಮ್ಮ ತಾತನಿಗೋ ಅಜ್ಜಿಗೋ ಕೊಟ್ಟು, ಚಿತ್ರ ನೋಡಿ ಜೋಡಿಸಲು ಹೇಳಿ. ಪೆನ್ನು ಬರೆದರೆ ನಿಮ್ಮ ಚಿತ್ರ ಸರಿಯಾಗಿದೆ ಎಂದು ಲೆಕ್ಕ.

ತಾತಂದಿರೇ, ಅಜ್ಜಿಯರೇ, ನಿಮಗೂ ಒಂದು ಮಾತು. ಮಗು ಡಬ್ಬಿ ಅಲ್ಲಾಡಿಸಿ "ಇದೊಂದು ಉಳಿದಿದೆ" ಅಂದರೆ "ಬಿಡು" ಅನ್ನಬೇಡಿ. ಒಮ್ಮೆ ಬಗ್ಗಿ ನೋಡಿ. ಬೆನ್ನು ನೋವು ಎರಡು ದಿನದಲ್ಲಿ ಹೋಗುತ್ತದೆ.

ಮುಂದಿನ ವಾರ ಬ್ರೇಕು. ಅದರ ಚಿತ್ರಗಳನ್ನು ಪುಟ್ಟಿ ಆಗಲೇ ಬರೆದಿಟ್ಟಿದ್ದಾಳೆ. ಈ ಸಲ ನಾನೂ ಒಂದು ಪುಸ್ತಕ ಕೊಂಡಿದ್ದೇನೆ.